ಲೋಟದ ಗುರುತು

ಫೋನಿನಲ್ಲಿ ನೀಲಿಯ ಮೇಲೆ ಚಿನ್ನದ ಉಂಗುರ, ಆಹಾ, ಕಲಾವಿದ ದುಷ್ಯಂತ್ ಅವರದೇ ಹೊಸ ಚಿತ್ರ ಇರಬೇಕು, ಬೆರಳು ಆಗಲೇ ಹಾರ್ಟ್ ಒತ್ತಿಬಿಟ್ಟಿದೆ, ನಿದಿಗೆ ಊರಿನ ಹತ್ತಿರ ಬಸ್ಸು ಗುಂಡಿಗೆ ಬಿದ್ದೆದ್ದು ಫೋನು ಕುಣಿದು ಚಿತ್ರ ದೊಡ್ಡದಾಯಿತು — ಅಯ್ಯೋ, ಎಡಕ್ಕೆ ವಾಲಿಕೊಂಡು ಚುಕ್ಕಿ ಸುತ್ತುವ ಈ ಎಳೆ, ಇದು ಅಮ್ಮನದಲ್ಲವಾ, ಅಮ್ಮನ ರಂಗೋಲಿ ಪುಸ್ತಕದ್ದೇ, ಆ ಉಂಗುರವೂ ಇವನ ಕಲ್ಪನೆಯಲ್ಲ, ನಾನು ಕಾಫಿ ಲೋಟ ಇಟ್ಟ ಗುರುತು, ಕಣ್ಣು ನೆತ್ತಿ ಮೇಲಿದೆಯೇನೇ ಭವಾನಿ, ಲೋಟ ಇಡೋಕೆ ನನ್ನ ಪುಸ್ತಕವೇ ಬೇಕಿತ್ತಾ ಎಂದು ಬೈದು ಅಮ್ಮ ಸೆರಗಿನಲ್ಲಿ ಒರೆಸಿದ್ದಳು, ಹೋಗಿರಲಿಲ್ಲ, ಈ ಪುಣ್ಯಾತ್ಮ ಅದನ್ನೂ ಬಿಡದೆ ಇಳಿಸಿ ಚಿನ್ನ ಬಳಿದು ಕೆಳಗೆ ಬರೆದಿದ್ದಾನೆ, ನನ್ನೊಳಗಿನ ಪೂರ್ಣಚಂದ್ರ ಅಂತೆ, ಮಣ್ಣು.

ಅಮ್ಮ ತೀರಿಕೊಂಡ ಮೇಲೆ ವರ್ಷ ಪೂರ್ತಿ ಬಾಗಿಲಿಗೆ ರಂಗೋಲಿ ಹಾಕುವಂತಿಲ್ಲ, ಆಲ್ಕೊಳದ ಮನೆ ಮುಂದೆ ಬರೀ ನೀರು ಚಿಮುಕಿಸಿದ ನೆಲ, ಬೆಳಗಾದರೆ ಕೈ ತುರಿಸುತ್ತಿತ್ತು, ಕಣ್ಣಾದರೂ ತುಂಬಲಿ ಎಂದು ಫೋನಿನಲ್ಲಿ ಕಲಾವಿದರನ್ನು ಹುಡುಕುತ್ತಾ ಹೋದೆ, ಎಷ್ಟೊಂದು ಜನ, ಹಳೇ ಸೀರೆ ಹೊಲಿದು ನದಿ ಮಾಡುವವಳು, ತುಕ್ಕಿನಲ್ಲಿ ಮುಖ ಬಿಡಿಸುವವನು, ಅವರ ನಡುವೆ ಇವನು, ಬರೀ ಚುಕ್ಕಿ, ಬರೀ ಎಳೆ, ನೋಡಿದ ದಿನ ಅತ್ತುಬಿಟ್ಟಿದ್ದೆ, ತಡೆಯಲಾರದೆ ಅಮ್ಮನದೂ ಒಂದು ಪುಟ ಕಳಿಸಿದೆ, ಅಮ್ಮನ ಎಳೆಯಲ್ಲಿ ಜೀವ ಇದೆ ಮೇಡಂ, ಇನ್ನಷ್ಟು ಕಳಿಸಿ ಅಂದ, ಉಬ್ಬಿಹೋದೆ, ಕಿಟಕಿ ಬೆಳಕಿಗೆ ಹಿಡಿದು ನಲವತ್ತು ಪುಟ ಕಳಿಸಿದವಳು ನಾನೇ, ಉಂಡ ಮನೆಗೇ ಕನ್ನ — ಕೆಳಗೆ ಜಯಾ ಅಂತ ಅಮ್ಮನ ಹೆಸರು ಹಾಕಬಹುದಿತ್ತಲ್ಲ ಸರ್ ಎಂದು ಈಗ ಬರೆದರೆ ತಕ್ಷಣ ಉತ್ತರ, ರಂಗೋಲಿ ಎಲ್ಲರದ್ದೂ ಅಲ್ವಾ ಮೇಡಂ, ಅದಕ್ಕೆ ಯಾರ ಹೆಸರು ಹಾಕೋದು, ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಖಾತೆಯೇ ಮಾಯ, ನನ್ನನ್ನು ಬ್ಲಾಕ್ ಮಾಡಿದ್ದಾನೆ, ಒಂದು ವರ್ಷ ಇವನ ಚಿತ್ರ ನೋಡಿಯೇ ಬೆಳಗು ಮಾಡಿಕೊಂಡೆನಲ್ಲ, ಥೂ.

ಪಕ್ಕದಲ್ಲಿ ಮಂಜುಶ್ರೀ, ನಮ್ಮ ಭದ್ರಾವತಿ ಶಾಲೆಯ ವಿಜ್ಞಾನದ ಟೀಚರು, ನಿನ್ನ ಫೋನಲ್ಲಿ ಆ ದುಷ್ಯಂತನ ಹೊಸ ಚಿತ್ರ ತೆಗಿಯೇ ಮಾರಾಯ್ತಿ ಅಂದೆ, ತೆಗೆದಳು, ಅದರ ಪಕ್ಕ ಅಮ್ಮನ ಪುಟದ ಫೋಟೋ ಹಿಡಿದೆ, ಎರಡೂ ಒಂದೇ ತಾನೇ, ನೀನೇ ಹೇಳು, ನೀನು ಹೇಳಿದರೆ ಸಾಕು, ಅವಳು ಇದನ್ನೊಮ್ಮೆ ಅದನ್ನೊಮ್ಮೆ ನೋಡಿ ನಕ್ಕಳು, ಪರವಾಗಿಲ್ಲ ಕಣೇ, ಅವ್ರದ್ದು ನೋಡ್ಕೊಂಡು ಚೆನ್ನಾಗೇ ಬಿಡಿಸಿದೀಯ, ಚಂದ್ರನಿಗೆ ಬಣ್ಣ ಹಾಕೋದು ಮಾತ್ರ ಮರ್ತಿದೀಯ — ಭದ್ರಾವತಿ ಬಂತು ಇಳೀರಿ ಇಳೀರಿ, ಕಂಡಕ್ಟರ್ ಕೂಗುತ್ತಿದ್ದಾನೆ, ನಾನಿನ್ನೂ ಅಮ್ಮನ ಪುಟವನ್ನೇ ನೋಡುತ್ತಿದ್ದೇನೆ, ಕಂದು ಉಂಗುರ, ಬಣ್ಣ ಹಾಕದ ಉಂಗುರ, ಉಂಗುರ