ಬರೆಯಬೇಕಾಗಿದ್ದವನ ಸಹಿ

ಟಕ್.

ಅಷ್ಟೇ. ಆಮೇಲೆ ಏನೂ ಇಲ್ಲ. ಅವಳು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮನಸ್ಸಿನಲ್ಲೇ ಎಣಿಸಿದಳು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಮತ್ತೊಮ್ಮೆ, ಟಕ್. ಬಚ್ಚಲಿನ ನಲ್ಲಿ ಇರಬೇಕು ಎಂದುಕೊಂಡು ಎದ್ದಳು. ನಲ್ಲಿ ಬಿಗಿಯಾಗಿಯೇ ಇತ್ತು. ಹೇಗೂ ಎದ್ದಾಯಿತಲ್ಲ ಎಂದು ಗ್ಯಾಸಿನ ತಿರುಪು ನೋಡಿದಳು, ಬಾಗಿಲ ಚಿಲಕ ನೋಡಿದಳು, ಮಲಗುವ ಮುಂಚೆ ಎರಡು ಸಲ ನೋಡಿದ್ದ ಕಿಟಕಿಯನ್ನು ಮೂರನೇ ಸಲ ನೋಡಿದಳು. ನಡುಮನೆಗೆ ಬಂದಾಗ ಅಪ್ಪನ ಕೋಣೆಯ ಬಾಗಿಲ ಕೆಳಗೆ ಬೆಳಕಿನ ಗೆರೆ ಕಂಡಿತು.

ಟಕ್.

ಟೈಪ್‌ರೈಟರ್. ಯಂತ್ರದ ಅಡಿಗೆ ದಪ್ಪ ಟವೆಲ್ ಹಾಸಿ, ಒಂದೊಂದು ಅಕ್ಷರವನ್ನೂ ಬೆರಳಿನಲ್ಲಿ ಒತ್ತಿ ಹಿಡಿದು ಮೆಲ್ಲಗೆ ಇಳಿಸುವವನ ಸದ್ದು. ಸೈನ್ಯದಿಂದ ಬಂದ ಮೇಲೆ ಇಪ್ಪತ್ತು ವರ್ಷ ಕೋರ್ಟಿನ ಎದುರು ಕೂತು, ಊರವರ ಅರ್ಜಿಗಳನ್ನೆಲ್ಲ ಆಲಿಕಲ್ಲು ಸುರಿದ ಹಾಗೆ ಟೈಪು ಮಾಡಿದ್ದ ಮನುಷ್ಯ ಈಗ ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಅಕ್ಷರ ಹೊಡೆಯುತ್ತಿದ್ದ.

ತಟ್ಟಲು ಎತ್ತಿದ ಕೈಯನ್ನು ಅವಳು ಇಳಿಸಿದಳು. ಹೋಗಿ ಮಲಗಿದಳು. ಅಪ್ಪ ಏನು ಟೈಪು ಮಾಡುತ್ತಿದ್ದಾನೆಂಬುದು ಅವಳಿಗೆ ಅರ್ಧ ಗೊತ್ತಿತ್ತು. ಉಳಿದರ್ಧ ಗೊತ್ತಾಗುವುದು ಬೇಡವಾಗಿತ್ತು.

ಎಲ್ಲ ಎರಡು ಪದಕಗಳ ಸಲುವಾಗಿ. ಬಾರದ ಎರಡು ಪದಕಗಳ ಸಲುವಾಗಿ: ಯುದ್ಧದಲ್ಲಿದ್ದುದಕ್ಕೆ ಒಂದು, ಗಾಯಕ್ಕೆ ಒಂದು.

ಅಪ್ಪ ಸೈನ್ಯದಲ್ಲಿ ಗುಮಾಸ್ತನಾಗಿದ್ದ. ಬಂದೂಕಿಗಿಂತ ಪೆನ್ನು ಹಿಡಿದದ್ದೇ ಹೆಚ್ಚು, ಹಾಗಾಗಿ ಜೊತೆಯವರೆಲ್ಲ ಅವನನ್ನು 'ಮಸಿ' ಎಂದು ಕರೆಯುತ್ತಿದ್ದರು. ಯುದ್ಧ ಬಂದಾಗ ಅವನ ತುಕಡಿ ಒಂದು ಬೋಳು ಗುಡ್ಡ ಹತ್ತಿ ಹನ್ನೊಂದು ವಾರ ಅಲ್ಲೇ ಕೂತಿತು. ದಿನಾ ಸಂಜೆ ಯಾರಿದ್ದಾರೆ, ಯಾರಿಗೆ ಗಾಯ, ಯಾರು ಹೋದರು ಎಂದು ಪಟ್ಟಿ ಬರೆಯುವುದು ಅಪ್ಪನ ಕೆಲಸ. ಆ ಪಟ್ಟಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು: ಗುಮಾಸ್ತ ತನ್ನ ಹೆಸರನ್ನು ತಾನೇ ಬರೆಯಕೂಡದು. ಬರೆಯುವ ಕೈ ತನಗೆ ಬೇಕಾದ್ದನ್ನು ಬರೆದುಕೊಂಡುಬಿಟ್ಟೀತು ಎಂಬ ಅನುಮಾನ. ಹಿರಿಯ ಗುಮಾಸ್ತನ ಹೆಸರನ್ನು ಕಿರಿಯವನು ಬರೆದು ಸಹಿ ಹಾಕಬೇಕು, ಕಿರಿಯವನ ಹೆಸರನ್ನು ಹಿರಿಯವನು.

ರಾತ್ರಿ ಗುಡ್ಡ ಹತ್ತಿದ ಮಾರನೇ ಬೆಳಿಗ್ಗೆ, ಇನ್ನೂ ಮೊದಲ ಪಟ್ಟಿಯೇ ಆಗಿರಲಿಲ್ಲ, ಹತ್ತು ಗಂಟೆಗೆ ಶೆಲ್ ಬಿತ್ತು. ಕಿರಿಯ ಗುಮಾಸ್ತ ಕೂತಲ್ಲೇ ಸತ್ತ. ಅಪ್ಪನ ಎಡ ಹೆಗಲಿಗೆ ಕಬ್ಬಿಣದ ಚೂರು ಹೊಕ್ಕಿತು. ಅವತ್ತು ಸಂಜೆ ಹೆಗಲಿಗೆ ಬಟ್ಟೆ ಸುತ್ತಿಕೊಂಡು ಅಪ್ಪನೇ ಪಟ್ಟಿ ಬರೆದ. ಸತ್ತವರ ಸಾಲಿನಲ್ಲಿ ಮೊದಲು ಕಿರಿಯವನ ಹೆಸರು. ಗಾಯಗೊಂಡವರ ಸಾಲಿನಲ್ಲಿ ಏಳು ಜನ. ಎಂಟನೆಯವನು ಬರೆಯುತ್ತಿದ್ದ, ಬರೆದುಕೊಳ್ಳಲಿಲ್ಲ. ನಾಳೆ ಹೊಸ ಹುಡುಗನನ್ನು ಕಳಿಸುತ್ತಾರೆ, ಅವನು ಬರೆಯುತ್ತಾನೆ ಎಂದುಕೊಂಡ. ಹನ್ನೊಂದು ವಾರ ಯಾರೂ ಬರಲಿಲ್ಲ. ಅಷ್ಟೂ ದಿನ ಇದ್ದವರ ಸಾಲಿನಲ್ಲೂ ಅಪ್ಪನ ಹೆಸರು ಬರಲಿಲ್ಲ.

"ಬರ್ಕೊಂಡ್ಬಿಡಬಾರದಿತ್ತಾ ಅಪ್ಪಾ? ಒಂದು ಸಾಲು," ಎಂದು ಅವಳು ಒಮ್ಮೆ ಕೇಳಿದ್ದಳು.

"ನಿಯಮ ಕಣಮ್ಮ," ಎಂದಿದ್ದ ಅಪ್ಪ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಅಪ್ಪ ಇದನ್ನೆಲ್ಲ ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ ಇದ್ದ. ನಾಲ್ಕು ವರ್ಷದ ಹಿಂದೆ ಮಾಜಿ ಸೈನಿಕರ ಭವನದ ಗೋಡೆಗೆ ಕಪ್ಪು ಕಲ್ಲು ಕೂರಿಸಿದರು. ಗುಡ್ಡದ ಮೇಲಿದ್ದ ಅರವತ್ತೆರಡು ಜನರ ಹೆಸರನ್ನು ದಾಖಲೆ ನೋಡಿ ಕೆತ್ತಿಸಿದ್ದರು. ಅಪ್ಪನ ಗೆಳೆಯ, ಎಲ್ಲರೂ 'ಮೀಸೆ' ಎನ್ನುವವನು, ಎದೆಯ ಮೇಲೆ ಎರಡೂ ಪದಕ ಜೋತುಬಿಟ್ಟುಕೊಂಡು ಕಲ್ಲಿನ ಮೇಲಿಂದ ಕೆಳಗೆ ಬೆರಳಾಡಿಸಿದ.

"ಏನೋ ಮಸಿ, ನಿನ್ನ ಹೆಸರೆಲ್ಲಿ? ಎಲ್ಲರನ್ನೂ ಗುಡ್ಡ ಹತ್ತಿಸಿ ನೀನು ಕೆಳಗೇ ಉಳ್ಕೊಂಡ್ಯಾ?"

ಸುತ್ತಲಿದ್ದವರು ನಕ್ಕರು. ಅಪ್ಪನೂ ನಕ್ಕ. ಮನೆಗೆ ಬಂದವನು ಊಟ ಮಾಡಲಿಲ್ಲ. ಟೈಪ್‌ರೈಟರ್ ಮೇಲಿನ ಹೊದಿಕೆ ತೆಗೆದು ದೂಳು ಒರೆಸಿದ.

ಅಂದಿನಿಂದ ಶುರುವಾದದ್ದು ಈ ಅಲೆದಾಟ. ಅವಳು ಪಠ್ಯಪುಸ್ತಕ ಅಚ್ಚುಮಾಡುವ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಅಪ್ಪನ ಅರ್ಜಿಗಳನ್ನೆಲ್ಲ ಅವಳೇ ತಿದ್ದಿದಳು. ಯಾವ ಮಾತೂ ಹೆಚ್ಚಾಗದ ಹಾಗೆ, ಯಾವ ಮಾತೂ ಬೇಡಿಕೊಂಡ ಹಾಗೆ ಕೇಳಿಸದ ಹಾಗೆ. ಶೆಲ್ ಬಿದ್ದ ಹೊತ್ತು, ಕಿರಿಯ ಗುಮಾಸ್ತನ ಸಾವು, ನಿಯಮ, ಎಲ್ಲವೂ ಅದರಲ್ಲಿತ್ತು. ಮೊದಲ ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡನೆಯದು ತಾರೀಖನ್ನು ಬಲಕ್ಕೆ ಹಾಕುವ ಬದಲು ಎಡಕ್ಕೆ ಹಾಕಿದ್ದಕ್ಕೆ ವಾಪಸ್ ಬಂತು. ಮೂರನೆಯದರ ಜೊತೆ ಹೆಗಲಿನ ಎಕ್ಸ್-ರೇ ಇಟ್ಟರು. ಚೂರು ಇರುವುದು ನಿಜ, ಆದರೆ ಅದು ಅದೇ ಶೆಲ್ಲಿನದು ಎಂಬುದಕ್ಕೆ ಆಧಾರವೇನು ಎಂದು ಕೇಳಿದರು. ನಾಲ್ಕನೆಯದಕ್ಕೆ ಮೀಸೆ ಪ್ರಮಾಣಪತ್ರ ಬರೆದುಕೊಟ್ಟ, ತನ್ನ ಕೈಯಾರೆ ಮಸಿಯ ಹೆಗಲಿಗೆ ಬಟ್ಟೆ ಕಟ್ಟಿದೆ ಎಂದು. ದಾಖಲೆ ಕಚೇರಿಯ ಕಿಟಕಿಯಲ್ಲಿ ಕೂರುವ ಗುಮಾಸ್ತೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವಳು, ಅದನ್ನು ಓದದೆಯೇ ಈಚೆ ತಳ್ಳಿದಳು.

"ನೆನಪು ದಾಖಲೆ ಅಲ್ಲಮ್ಮ. ನೆನಪು ಎಲ್ಲರಿಗೂ ಇರುತ್ತೆ."

ಕಳೆದ ತಿಂಗಳು ಕೊನೆಯ ಉತ್ತರ ಬಂತು. 'ದಾಖಲೆಗಳ ಪ್ರಕಾರ ಅರ್ಜಿದಾರರು ಸದರಿ ಅವಧಿಯಲ್ಲಿ ಸದರಿ ಸ್ಥಳದಲ್ಲಿ ಇದ್ದರೆಂಬುದಕ್ಕೆ ಆಧಾರವಿರುವುದಿಲ್ಲ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಆ ಕಾಲದ ಮೂಲ ದಾಖಲೆ ಒದಗಿಸದಿದ್ದಲ್ಲಿ ಕಡತವನ್ನು ಶಾಶ್ವತವಾಗಿ ಮುಚ್ಚಲಾಗುವುದು.'

ಅಪ್ಪ ಅದನ್ನು ಮೂರು ಸಲ ಓದಿದ. "ನಾನು ಅಲ್ಲಿರಲೇ ಇಲ್ವಂತೆ," ಎಂದ. ಪದಕದ ಮಾತು ಆಮೇಲೆ ಎತ್ತಲೇ ಇಲ್ಲ. ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಬಲಗೈಯಿಂದ ಎಡ ಹೆಗಲನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ, ಅಲ್ಲಿರುವುದು ಇನ್ನೂ ಅಲ್ಲೇ ಇದೆಯೋ ಇಲ್ಲವೋ ಎಂಬಂತೆ.

ಅವಳ ತಮ್ಮನಿಗೆ ಬ್ಯಾಟರಿ ಅಂಗಡಿ. ಎರಡು ಬೀದಿಯಾಚೆ ಮನೆ. ಅವನಿಗೆ ಇದೆಲ್ಲ ತಲೆನೋವು. "ಅಕ್ಕಾ, ಆ ಬಿಲ್ಲೆ ಎರಡು ನಮ್ಮ ಅಂಗಡಿ ಹತ್ರ ಮಾಡಿಸ್ಕೊಡ್ತೀನಿ ಬಿಡು, ಹೊಳಪು ಜಾಸ್ತಿನೇ ಇರುತ್ತೆ," ಎಂದಿದ್ದ. ಅಪ್ಪ ಒಳಗಿಂದ ಕೇಳಿಸಿಕೊಂಡು, "ಬ್ಯಾಟರಿ ಹಾಕಿದ್ರೆ ಮಿನುಗುತ್ತೋ?" ಎಂದಿದ್ದ. ಅಂದು ಮೂವರೂ ನಕ್ಕಿದ್ದರು. ನಕ್ಕದ್ದು ಅದೇ ಕೊನೆ.

ಹಾಗಾಗಿ ಟೈಪಿನ ಸದ್ದು ಕೇಳಿದ ಮಾರನೇ ಬೆಳಿಗ್ಗೆ ಅವಳು ಚೀಲಕ್ಕೆ ಡಬ್ಬಿ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಮಡಿಸಿದ ಹಾಳೆಯೊಂದನ್ನು ಮುಂದೆ ಚಾಚಿದರೆ ಅವಳಿಗೆ ಆಶ್ಚರ್ಯವಾಗಲಿಲ್ಲ.

"ಪೆಟ್ಟಿಗೆ ತಳದಲ್ಲಿ ಸಿಕ್ತು," ಎಂದ ಅಪ್ಪ. ಅವಳ ಮುಖ ನೋಡಲಿಲ್ಲ. ಟೀ ಲೋಟದೊಳಗೆ ನೋಡುತ್ತಿದ್ದ. "ಕಡತಕ್ಕೆ ಸೇರಿಸ್ಬಿಡು."

"ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ವಾ ಅಪ್ಪಾ?"

"ಬಿದ್ದಿರಲಿಲ್ಲ."

ಅಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದ.

ಪ್ರೆಸ್ಸಿನಲ್ಲಿ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವಳು ಹಾಳೆ ಬಿಡಿಸಿದಳು. ಕಾಗದ ಹಳೆಯದೇ. ಸೈನ್ಯದ ಮುದ್ರಿತ ನಮೂನೆ, ಅಂಚು ಹಳದಿಗಟ್ಟಿ, ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕು. ಅಪ್ಪ ಅಂಥ ಹತ್ತಾರು ಖಾಲಿ ಹಾಳೆಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಒಂದು ಕಾಲದಲ್ಲಿ ಅವುಗಳ ಬೆನ್ನ ಮೇಲೆಯೇ ಅವಳಿಗೆ ಮಗ್ಗಿ ಬರೆಸಿದ್ದ. ಗಾಯಗೊಂಡವರ ಪಟ್ಟಿ, ಪೂರಕ ಹಾಳೆ. ಒಂದೇ ಹೆಸರು, ಅಪ್ಪನದು. ಎಡ ಹೆಗಲು, ಲೋಹದ ಚೂರು. ಗುಡ್ಡದ ಹೆಸರು, ತಾರೀಖು, ಸಂಜೆ ಆರು ಗಂಟೆ.

ಕರಡು ತಿದ್ದುವವಳ ಕಣ್ಣು. ಬೇಡವೆಂದರೂ ಕಾಣುತ್ತದೆ. 'ಗ' ಅಕ್ಷರ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಹಾರಿ ಕೂತಿತ್ತು. ನಾಲ್ಕೂ ಅರ್ಜಿಗಳಲ್ಲಿ ಹಾಗೇ ಹಾರಿತ್ತು. ಅಪ್ಪನ ಯಂತ್ರಕ್ಕೆ ಕೋರ್ಟಿನ ಮೆಟ್ಟಿಲ ಮೇಲಿಂದ ಬಿದ್ದಾಗ ಅಂಟಿದ ಕುಂಟು ಅದು.

ಆಮೇಲೆ ಸಹಿ. ಅಪ್ಪನ ನೆಟ್ಟಗಿನ ಅಕ್ಷರವಲ್ಲ. ಎಡಕ್ಕೆ ವಾಲಿದ, ಅವಸರದ, ಬಾಲ ಉದ್ದವಾದ ಹುಡುಗನ ಸಹಿ. ಕೆಳಗೆ 'ಕಿರಿಯ ಗುಮಾಸ್ತ' ಎಂದಿತ್ತು.

ಬೆಳಿಗ್ಗೆ ಹತ್ತಕ್ಕೆ ಸತ್ತವನು ಸಂಜೆ ಆರಕ್ಕೆ ಸಹಿ ಹಾಕಿದ್ದ.

ಇದೇನಪ್ಪಾ ಇಂಥ ತಪ್ಪು, ನಿನ್ನಂಥವನು? ಬೇರೆ ಯಾರ ಸಹಿಯನ್ನಾದರೂ ಹಾಕಬಹುದಿತ್ತು. ತುಕಡಿಯ ಅಧಿಕಾರಿ ಸತ್ತು ಮೂವತ್ತು ವರ್ಷ, ವೈದ್ಯ ಎಲ್ಲಿದ್ದಾನೋ ಗೊತ್ತಿಲ್ಲ, ಯಾರೂ ಬಂದು ಇಲ್ಲ ಎನ್ನುತ್ತಿರಲಿಲ್ಲ. ಇಷ್ಟು ಯೋಚಿಸಿದ ಮೇಲೆ ಅವಳಿಗೆ ತಿಳಿಯಿತು. ಅದು ತಪ್ಪಲ್ಲ. ಕಳ್ಳ ಕಾಗದ ಮಾಡುವಾಗಲೂ ಅಪ್ಪ ನಿಯಮ ಮುರಿದಿರಲಿಲ್ಲ. ತನ್ನ ಹೆಸರನ್ನು ತಾನು ಬರೆದುಕೊಂಡಿರಲಿಲ್ಲ. ಬರೆಯಬೇಕಾಗಿದ್ದ ಹುಡುಗನಿಂದಲೇ ಬರೆಸಿದ್ದ.

ಹಾಳೆಯನ್ನು ಚೀಲಕ್ಕೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಸಿಕ್ಕಿಬಿದ್ದರೆ ಪಿಂಚಣಿ ಹೋದೀತು, ಪೊಲೀಸರು ಬಂದಾರು, ಎಂಬತ್ತೊಂದು ವರ್ಷದವನನ್ನು ಅದೇ ಕೋರ್ಟಿನಲ್ಲಿ, ಈ ಸಲ ಒಳಗಡೆ, ನಿಲ್ಲಿಸಿಯಾರು. ಕೊಡದಿದ್ದರೆ ಹತ್ತನೇ ತಾರೀಖಿಗೆ ಅಪ್ಪ ಆ ಗುಡ್ಡದ ಮೇಲೆ ಇರಲೇ ಇಲ್ಲ ಎಂಬುದು ಶಾಶ್ವತವಾಗುತ್ತದೆ. ಅವತ್ತು ಎಂಟನೇ ತಾರೀಖು.

ಕಚೇರಿ ಮುಚ್ಚಲು ಅರ್ಧ ಗಂಟೆ ಇದ್ದಾಗ ಅವಳು ಕಿಟಕಿಯ ಮುಂದೆ ನಿಂತಿದ್ದಳು. ದಾರದ ಕನ್ನಡಕದ ಗುಮಾಸ್ತೆ ಕಡತ ತಂದು ಧಪ್ಪನೆ ಇಟ್ಟಳು. ನಾಲ್ಕು ವರ್ಷದ ಸತ್ಯ, ಒಂದು ಗೇಣು ದಪ್ಪ. ಎಲ್ಲದಕ್ಕಿಂತ ಮೇಲೆ ಅಪ್ಪನ ಕೊನೆಯ ಅರ್ಜಿ, ಎರಡನೇ ಪ್ಯಾರಾದಲ್ಲಿ: 'ಬೆಳಿಗ್ಗೆ ಹತ್ತು ಗಂಟೆಗೆ ಕಿರಿಯ ಗುಮಾಸ್ತನು ಸ್ಥಳದಲ್ಲೇ ಮೃತನಾದನು.' ಅದರ ಪಕ್ಕದಲ್ಲೇ, ಒಂದು ಬೆರಳಿನ ಅಂತರದಲ್ಲಿ, ಗುಮಾಸ್ತೆ ಹೊಸ ಹಾಳೆಯನ್ನು ಬಿಡಿಸಿದಳು.

ಗುಮಾಸ್ತೆ ಕನ್ನಡಕ ಏರಿಸಿದಳು. ನಮೂನೆಯ ಸಂಖ್ಯೆ ನೋಡಿದಳು. ಸಹಿ ಇದೆಯೇ ನೋಡಿದಳು. ಕಾಗದವನ್ನು ಬೆಳಕಿಗೆ ಹಿಡಿದು, ತುಕ್ಕಿನ ಕಲೆಯನ್ನು ಉಗುರಿನಿಂದ ಕೆರೆದಳು.

"ಇದನ್ನ ಮೊದಲೇ ಕೊಡೋಕೆ ಏನಾಗಿತ್ತಮ್ಮ ನಿಮಗೆ?"

"ಈಗ... ಈಗ ಸಿಕ್ತು."

"ನಾಲ್ಕು ವರ್ಷ ನಮ್ಮ ಪ್ರಾಣ ತಿಂದ್ರಿ. ಕಥೆ ಬರೀತಾ ಕೂತ್ರೆ ಆಗುತ್ತಾ? ಒಂದು ಕಾಗದ ಇದ್ರೆ ಮುಗೀತಿತ್ತು." ಹಾಳೆಯ ಮೂಲೆಗೆ ತೂತು ಹೊಡೆದು, ಅಪ್ಪನ ಅರ್ಜಿಯ ಮೇಲೆಯೇ ಅದನ್ನಿಟ್ಟು, ಎರಡನ್ನೂ ಸೇರಿಸಿ ದಾರ ಕಟ್ಟಿ, ಮೇಲೊಂದು ಮೊಹರು ಗುದ್ದಿದಳು. "ಹೋಗಿ. ಬರುತ್ತೆ."

ಬಸ್ ನಿಲ್ದಾಣದವರೆಗೆ ಅವಳು ನಡೆದದ್ದು ಹೇಗೋ. ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಸಿಟ್ಟು ಬಂತು, ಮೈಯೆಲ್ಲ ಉರಿಯುವಂಥದ್ದು. ತಾರೀಖು ಎಡಕ್ಕಿದ್ದುದನ್ನು ಕಂಡುಹಿಡಿದ ಕಣ್ಣುಗಳಿಗೆ ಇದು ಕಾಣಲಿಲ್ಲವೇ? ಇಷ್ಟು ವರ್ಷ ಒಂದೊಂದು ಪದವನ್ನೂ ತೂಗಿ ಬರೆದದ್ದನ್ನು ಒಬ್ಬರೂ ಒಮ್ಮೆಯೂ ಓದಿಯೇ ಇರಲಿಲ್ಲ. ಓದಿದ್ದರೆ ಇವತ್ತು ಅವಳು ಸಿಕ್ಕಿಬೀಳುತ್ತಿದ್ದಳು. ಹಾಗಾದರೂ ಆಗಿದ್ದರೆ ಎಂದು ಒಂದು ಕ್ಷಣ ಅನ್ನಿಸಿ, ಹಾಗನ್ನಿಸಿದ್ದಕ್ಕೆ ಹೆದರಿದಳು.

ಆರನೇ ವಾರ ರಟ್ಟಿನ ಡಬ್ಬಿ ಅಂಚೆಯಲ್ಲಿ ಬಂತು. ಜೊತೆಗೆ ಎರಡು ಸಾಲಿನ ಪತ್ರ. ಗೋಡೆಯ ಕಲ್ಲಿಗೂ ಹೆಸರು ಸೇರಿಸಲು ಸೂಚಿಸಲಾಗಿದೆ ಎಂದಿತ್ತು. ತಮ್ಮ ಅಂಗಡಿ ಬಾಗಿಲು ಹಾಕಿಕೊಂಡು ಓಡಿಬಂದ. ಮೀಸೆ ಪದಕಗಳನ್ನು ತಾನೇ ಗೆಳೆಯನ ಅಂಗಿಗೆ ಚುಚ್ಚಿ, ದೂರ ನಿಂತು ನೋಡಿ, ಕಣ್ಣೊರೆಸಿಕೊಂಡ.

"ಅಂತೂ ಗುಡ್ಡ ಹತ್ತಿದೆಯಲ್ಲೋ ಮಸಿ! ಆ ಕಾಗದ ಎಲ್ಲಿತ್ತೋ ಮಾರಾಯ ಇಷ್ಟು ದಿನ?"

ಅಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಪೆಟ್ಟಿಗೆ ತಳದಲ್ಲಿತ್ತು ಮಾಮ," ಎಂದಳು ಅವಳು.

"ನೋಡಿದ್ಯಾ ಅಕ್ಕಾ, ನಾನು ಸುಮ್ಮನೆ ರೇಗ್ತಿದ್ದೆ. ಸರಿಯಾಗಿ ಬರೆದ್ರೆ ಅವರೂ ಕೇಳ್ತಾರೆ," ಎಂದ ತಮ್ಮ.

ಎಲ್ಲರೂ ಹೋದ ಮೇಲೆ ಅಪ್ಪ ಪದಕಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಆಮೇಲೆ ಅವು ಆ ಡಬ್ಬಿಯಿಂದ ಹೊರಬರಲಿಲ್ಲ.

"ಸಹಿ ಯಾರದು ಅಂತ ಕೇಳಲಿಲ್ವಾ ಅವರು?"

"ಇಲ್ಲ ಅಪ್ಪಾ."

"ನೀನೂ ಕೇಳಲಿಲ್ಲ."

ಅವಳು ಮೇಜಿನ ಮೇಲಿದ್ದ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಚೆನ್ನಾಗಿ ಹಾಡೋನು ಆ ಹುಡುಗ," ಎಂದ ಅಪ್ಪ. "ಇಪ್ಪತ್ತೆರಡು ವರ್ಷ ಅವನಿಗೆ. ಸಹಿ ಹಾಕುವಾಗ ಬಾಲ ಎಳೀಬೇಡ್ವೋ ಅಂತ ದಿನಾ ಬೈತಿದ್ದೆ." ಡಬ್ಬಿಯನ್ನು ಆಚೆ ಸರಿಸಿ, "ಅವನ ಕೈಯಿಂದ ಸುಳ್ಳು ಬರೆಸ್ಬಿಟ್ಟೆ," ಎಂದ.

"ಬರೆದಿದ್ದೆಲ್ಲ ನಿಜಾನೇ ಅಲ್ವಾ ಅಪ್ಪಾ."

ಅಪ್ಪ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ. ಕೋಣೆಗೆ ಹೋಗಿ ದೀಪ ಆರಿಸಿದ. ಟೈಪ್‌ರೈಟರ್‌ನ ಅಡಿಯಿಂದ ಟವೆಲ್ ತೆಗೆದು ಬಾಗಿಲ ಹೊರಗೆ, ಒಗೆಯುವ ಬಟ್ಟೆಗಳ ಜೊತೆ ಹಾಕಿದ್ದ.

ಅವಳು ಗ್ಯಾಸು ನೋಡಿದಳು, ಚಿಲಕ ನೋಡಿದಳು. ಆ ಟವೆಲನ್ನು ಎತ್ತಿ, ಬೇರೆ ಬಟ್ಟೆಗಳ ಅಡಿಗೆ ಸೇರಿಸಿದಳು. ತಮ್ಮನಿಗೆ ಹೇಳುವುದಿಲ್ಲ. ಮೀಸೆ ಮಾಮನಿಗೆ ಹೇಳುವುದಿಲ್ಲ. ನಾಳೆ ಅಪ್ಪ ಇಲ್ಲವಾದ ಮೇಲೆ, ಆ ಡಬ್ಬಿಯನ್ನು ಕೈಗೆತ್ತಿಕೊಂಡು ಯಾರು ಏನೇ ಕೇಳಿದರೂ ಹೇಳುವುದಿಲ್ಲ. ಪೆಟ್ಟಿಗೆ ತಳದಲ್ಲಿತ್ತು ಎಂಬ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದಳು. ಅದರಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ. ದೀಪ ಆರಿಸಿದಳು.