ಮಾರ್ಟಿನ್ ಹಕ್ಕಿಗಳು ಬೇಗ ಬಂದ ವರ್ಷ

ನೀಲಮ್ಮ ಮದುವೆಯಾಗಿ ಕಡಲಾಚೆಯ ನಾರ್ತ್‌ವಿಲ್‌ಗೆ ಬಂದ ಹೊಸದರಲ್ಲಿ, ಆ ಬೀದಿಯಲ್ಲಿ ಅವಳ ಜೊತೆ ಆತುರವಿಲ್ಲದೆ ಮಾತಾಡಿದವನೆಂದರೆ ಪಕ್ಕದ ಮನೆಯ ವಾಲ್ಟರ್ ಒಬ್ಬನೇ. ಕಾರು ಕಾರ್ಖಾನೆಯಲ್ಲಿ ಅಚ್ಚು ಕೊರೆಯುವ ಕೆಲಸ ಮಾಡಿ ನಿವೃತ್ತನಾದ ಮುದುಕ. ಹೆಂಡತಿ ಇರಲಿಲ್ಲ. ನೀಲಮ್ಮನ ಇಂಗ್ಲಿಷು ಆಗ ಅಂಗಡಿಗೆ ಹೋಗಿಬರಲು ಸಾಲುವಷ್ಟೇ ಇತ್ತು. ಗಂಡ ಗುರುಸಿದ್ದ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯವರೆಗೆ ಮನೆ ಬಿಕೋ ಎನ್ನುತ್ತಿತ್ತು. ವಾಲ್ಟರ್ ಬೇಲಿಯಾಚೆ ನಿಂತು ಹಕ್ಕಿಗಳಿಗೆ ಬೆರಳು ತೋರಿಸಿ ಹೆಸರು ಹೇಳುತ್ತಿದ್ದ, ಅವಳು ತಿರುಗಿ ಹೇಳಬೇಕು. ರಾಬಿನ್. ಗ್ರ್ಯಾಕಲ್. ಕಿಲ್‌ಡಿಯರ್. ಹೀಗೆ ಹಕ್ಕಿಗಳ ಜೊತೆಗೇ ಅವಳಿಗೆ ಇಂಗ್ಲಿಷೂ ಬಂತು. ಗಂಡನೆದುರು ಅವಳು ಅವನನ್ನು ‘ವಾಲ್ಟರಜ್ಜಾರು’ ಎಂದೇ ಕರೆಯುತ್ತಿದ್ದಳು.

ಅಜ್ಜನ ಪ್ರಾಣವೆಲ್ಲ ಇದ್ದದ್ದು ಮಾರ್ಟಿನ್ ಹಕ್ಕಿಗಳ ಮೇಲೆ. ಚಳಿಗಾಲ ಪೂರ್ತಿ ಬ್ರೆಜಿಲ್ ಕಡೆ ಕಳೆದು, ವಸಂತಕ್ಕೆ ಸಾವಿರಾರು ಮೈಲಿ ಹಾರಿ ಬಂದು, ಮನುಷ್ಯರು ಕಟ್ಟಿಕೊಟ್ಟ ಮನೆಯಲ್ಲೇ ಮರಿ ಮಾಡುವ ಹಕ್ಕಿ ಅದು. ತನ್ನ ತವರೂರ ಹೊಳೆಯ ಸೇತುವೆ ಕೆಳಗೆ ಗೂಡು ಕಟ್ಟುತ್ತಿದ್ದ ಕವಲುಬಾಲದ ಹಕ್ಕಿಗಳ ಬಳಗವೇ ಇದು ಎಂದು ನೀಲಮ್ಮ ಅದರ ಹಾರಾಟ ನೋಡಿಯೇ ಗುರುತು ಹಿಡಿದಿದ್ದಳು. ಅಜ್ಜನ ಹಿತ್ತಲಲ್ಲಿ ಎತ್ತರದ ಕಂಬ, ಕಂಬಕ್ಕೊಂದು ರಾಟೆ, ಹಗ್ಗ. ಪ್ರತಿ ಏಪ್ರಿಲ್‌ನಲ್ಲಿ ಅವನು ಹಲವು ಕೋಣೆಗಳ ಬಿಳಿ ಅಲ್ಯೂಮಿನಿಯಂ ಮನೆಯೊಂದನ್ನು ಅದರ ತುದಿಗೆ ಏರಿಸಿ, ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕೂರುತ್ತಿದ್ದ.

ಆ ವರ್ಷ ಜನವರಿಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಮಾತು ಹೋಗಿ, ‘ಯೆಸ್’ ಎನ್ನುವ ಒಂದೇ ಶಬ್ದ ನಾಲಗೆಯಲ್ಲಿ ಉಳಿಯಿತು. ಹಸಿವಾಯಿತೇ ಎಂದರೆ ಯೆಸ್, ಹೊಟ್ಟೆ ತುಂಬಿತೇ ಎಂದರೂ ಯೆಸ್. ಟೊಲೀಡೊದಲ್ಲಿದ್ದ ಮಗಳು ಕ್ಯಾರಲ್ ಬಂದು ನೋಡಿಕೊಳ್ಳುತ್ತಿದ್ದಳು. ಹಿತ್ತಲ ಕಿಟಕಿಯ ಪಕ್ಕದಲ್ಲಿ ಅವನ ಗಾಲಿಕುರ್ಚಿ ಇಟ್ಟಿದ್ದಳು.

ಮಾರ್ಚ್ ಮುಗಿಯುವ ಮೊದಲೇ ಒಳ್ಳೆಯ ಬಿಸಿಲು ಬಿತ್ತು. ಬಾಗಿಲ ಹೊರಗಿನ ಥರ್ಮಾಮೀಟರು ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು.

“ರೀ, ಅಜ್ಜಾರ ಹಕ್ಕಿ ಮನಿ ಏರಿಸಿಬಿಡೂಣ್ರಿ,” ಎಂದಳು ನೀಲಮ್ಮ.

“ಇಷ್ಟ್ ಲಗೂನ? ಅವರು ಎಂದೂ ಈಗ ಏರಿಸಿದ್ದು ನಾ ನೋಡಿಲ್ಲ.”

“ಬಿಸಲು ಬಿದ್ದೈತಲ್ರಿ. ಒಂದ್ ಹಕ್ಕಿ ಕಂಡ್ರೂ ಅವರ ಜೀವಕ್ಕ ಒಂದೀಟು ಸಮಾಧಾನ ಆಕ್ಕೈತಿ.”

ಗುರುಸಿದ್ದ ಶನಿವಾರ ಹಗ್ಗಕ್ಕೆ ಎಣ್ಣೆ ಹಚ್ಚಿ ಮನೆಯನ್ನು ಏರಿಸಿದ. ಹೆಚ್ಚು ದಿನ ಕಾಯಬೇಕಾಗಲಿಲ್ಲ. ಪಾತ್ರೆ ತೊಳೆಯುತ್ತಿದ್ದ ನೀಲಮ್ಮನ ಕಿವಿಗೆ ನೀರು ಗುಳುಗುಳಿಸಿದಂಥ ಆ ದನಿ ಬಿತ್ತು. ಹೊರಗೆ ಬಂದು ನೋಡಿದರೆ ಕರಿನೀಲಿ ಮೈಯ ಗಂಡೊಂದು ಮನೆಯ ಸೂರಿನ ಮೇಲೆ ಕೂತಿದೆ. ಅವಳು ಒದ್ದೆ ಕೈಯಲ್ಲೇ ಪಕ್ಕದ ಮನೆಗೆ ಓಡಿದಳು. ಅಜ್ಜ ಆಗಲೇ ಕಂಡಿದ್ದ. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. ಕ್ಯಾರಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಪ್ಪ ನಕ್ಕದ್ದು ಈ ವರ್ಷದಲ್ಲಿ ಇದೇ ಮೊದಲು” ಎಂದಳು.

ವಾರದೊಳಗೆ ಇನ್ನಷ್ಟು ಬಂದವು. ಬೂದು ಎದೆಯ ಹೆಣ್ಣುಗಳೂ ಬಂದು ಕೋಣೆಗಳನ್ನು ಇಣುಕಿ ನೋಡಿ ಜಗಳವಾಡಿದವು.

ಆಮೇಲೆ ಗಾಳಿ ಉತ್ತರಕ್ಕೆ ತಿರುಗಿತು. ಮೊದಲ ದಿನ ಮಳೆ, ಮರುದಿನ ಮಳೆಯೊಳಗೆ ಹಿಮದ ಚೂರು, ಅದರ ಮರುದಿನ ಬರೀ ಹಿಮ. ಹಕ್ಕಿಗಳು ಒಳಸೇರಿದವು, ಹೊರಗೆ ಬರಲಿಲ್ಲ. ನೀಲಮ್ಮ ಗಂಡನ ಆಫೀಸಿಗೆ ಫೋನ್ ಮಾಡಿ, ಯಾರನ್ನಾದರೂ ಕೇಳಿ ಎಂದಳು. ಸಂಜೆ ಬಂದ ಗುರುಸಿದ್ದ ಕೋಟು ತೆಗೆಯುವ ಮುಂಚೆಯೇ ಹೇಳಿದ.

“ಪಾರ್ಕಿನ್ಯಾಗ ಹಕ್ಕಿ ವಿಷಯ ಬಲ್ಲವರೊಬ್ಬರಿಗೆ ಫೋನ್ ಮಾಡಿದ್ದೆ. ಅವು ಹಾರೋ ಹುಳ ಬಿಟ್ಟು ಬ್ಯಾರೆ ಏನೂ ತಿನ್ನೂದಿಲ್ಲಂತ. ಇಂಥಾ ಥಂಡ್ಯಾಗ ಹುಳ ಹಾರೂದಿಲ್ಲ. ಹವಾ ತಿರುಗೋ ತನಕ ಕಾಯಬೇಕು ಅಂದ್ರು.”

“ನಾವ ಏನರ ತಿನ್ನಾಕ ಹಾಕಿದ್ರ?”

“ಅದನ್ನೂ ಕೇಳಿದೆ. ನಮ್ಮ ಕೈಲೆ ಏನೂ ಆಗೂದಿಲ್ಲ ಅಂದ್ರು, ನೀಲಾ.”

ಕೇಳಿ ಸುಮ್ಮನೆ ಕೂರಲು ಅವಳಿಂದ ಆಗಲಿಲ್ಲ. ಬೆಳಿಗ್ಗೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕಂಬದ ಬುಡದಲ್ಲಿ ಹರಡಿದಳು. ಅನ್ನ ಹಾಕಿದಳು. ಅಕ್ಕಿ ಚೀಲವನ್ನು ಮೊರಕ್ಕೆ ಸುರಿದು, ಹುಳ ಆರಿಸಿ, ಅವುಗಳನ್ನು ಮೇಲಕ್ಕೆ ತೂರಿ ತೂರಿ ನೋಡಿದಳು. ಹಿಮದ ಮೇಲೆ ಬಿದ್ದದ್ದನ್ನು ಗುಬ್ಬಿಗಳು ಬಂದು ತಿಂದುಕೊಂಡು ಹೋದವು. ಮೇಲಿನ ಕೋಣೆಯೊಂದರ ಬಾಯಲ್ಲಿ ಒಂದು ಹೆಣ್ಣು ಹಕ್ಕಿ ರೆಕ್ಕೆ ಇಳಿಬಿಟ್ಟು ಕೂತು ನೋಡುತ್ತಿತ್ತು, ಅಷ್ಟೇ. ಕಿಟಕಿಯ ಗಾಜಿನ ಹಿಂದೆ ಅಜ್ಜನೂ ನೋಡುತ್ತಿದ್ದ.

ಅವಳು ಬೂಟು ಬಿಚ್ಚಿ ಒಳಗೆ ಹೋಗಿ ಅವನ ಮುಂದೆ ಮಂಡಿಯೂರಿ ಕೂತಳು. ಇಷ್ಟು ವರ್ಷ ಈ ಹಕ್ಕಿಗಳನ್ನು ಸಾಕಿದವನು, ಇಂಥ ಚಳಿಯನ್ನು ಎಷ್ಟೋ ಸಲ ಕಂಡಿರಬೇಕು.

“ಮನೆಯನ್ನು ಕೆಳಗೆ ಇಳಿಸಲೇ?” ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು.

“ಯೆಸ್.”

“ಇಳಿಸಿದರೆ ಹೆದರಿ ಹಾರಿಹೋಗುತ್ತವೆಯೇ? ಹಾಗೇ ಬಿಡಲೇ?”

“ಯೆಸ್.”

“ಎರಡರಲ್ಲಿ ಯಾವುದು? ಕೈ ತೋರಿಸಿ.”

ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದ. ಮತ್ತೆ ಬಡಿದ. ಮುಖ ಕೆಂಪೇರಿತು. ಅವನಿಗೆ ಉತ್ತರ ಗೊತ್ತಿದೆ ಎನ್ನುವುದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಆದರೆ ಬಾಯಿಂದ ಬಂದದ್ದು ಅದೇ ಒಂದು ಶಬ್ದ. ಕ್ಯಾರಲ್ ಬಂದು, “ಸಾಕು ಬಿಡು, ಅವರಿಗೆ ಆಯಾಸವಾಗುತ್ತೆ” ಎಂದಾಗ ನೀಲಮ್ಮನಿಗೆ ಎದ್ದು ಬರದೆ ಬೇರೆ ದಾರಿ ಇರಲಿಲ್ಲ.

ಹಿಮ ನಿಲ್ಲಲಿಲ್ಲ. ಐದನೆಯ ದಿನ ಮೇಲೆ ಕೂತಿದ್ದ ಹೆಣ್ಣು ಹಕ್ಕಿ ನೆಲಕ್ಕೆ ಬಿದ್ದಿತ್ತು. ಗುರುಸಿದ್ದ ಅಂದು ಆಫೀಸಿಗೆ ತಡವಾಗಿ ಹೋಗುತ್ತೇನೆಂದು ಹೇಳಿ, ಹಗ್ಗ ಬಿಟ್ಟು ಮನೆಯನ್ನು ಇಳಿಸಿದ. ಹಾರಿಹೋಗುತ್ತವೆ ಎಂಬ ಭಯ ಸುಳ್ಳಾಯಿತು. ಹಾರುವ ಶಕ್ತಿ ಯಾವುದರಲ್ಲೂ ಇರಲಿಲ್ಲ. ಎಲ್ಲ ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಸೇರಿದ್ದವು. ಕೆಳಗಿನವು ಸತ್ತಿದ್ದವು. ಮೇಲಿನ ಮೂರರ ಮೈ ಇನ್ನೂ ಬೆಚ್ಚಗಿತ್ತು.

ಆ ಮೂರನ್ನು ಮಫ್ಲರಿನಲ್ಲಿ ಸುತ್ತಿ ತಂದು ಅಡುಗೆಮನೆಯಲ್ಲಿ, ಬಿಸಿಗಾಳಿ ಬರುವ ಜಾಗದಲ್ಲಿ ಇಟ್ಟಳು. ಬತ್ತಿಯನ್ನು ಸಕ್ಕರೆ ನೀರಲ್ಲಿ ಅದ್ದಿ ಕೊಕ್ಕಿಗೆ ತಾಗಿಸಿದಳು. ಹನಿ ಪಕ್ಕದಿಂದ ಇಳಿದುಹೋಯಿತು. ಅಂಗೈಯಲ್ಲಿಟ್ಟುಕೊಂಡರೆ ಎದೆಯ ಮೂಳೆ ಬ್ಲೇಡಿನಂತೆ ಚುಚ್ಚುತ್ತಿತ್ತು. ಬ್ರೆಜಿಲ್‌ನಿಂದ ಇಲ್ಲಿಯವರೆಗೆ ಹಾರಿ ಬಂದದ್ದು ಇಷ್ಟೇ ಇಷ್ಟು ಭಾರವೇ ಎಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಎರಡು ಹೋದವು. ಮೂರನೆಯದು ಒಂದು ಸಲ ಕಣ್ಣು ಬಿಟ್ಟು, ರೆಕ್ಕೆ ಬಿಚ್ಚಿತು. ಬದುಕಿತು ಎಂದುಕೊಳ್ಳುವಷ್ಟರಲ್ಲಿ ಕತ್ತು ವಾಲಿತು.

ಮರುದಿನ ಬೆಳಿಗ್ಗೆ ಬಿಸಿಲು ಬಂತು. ಹನ್ನೊಂದು ಗಂಟೆಗೆಲ್ಲ ಗೋಡೆಯ ಮೇಲೆ ಸಣ್ಣ ಹುಳಗಳು ಎದ್ದು ಹಾರಾಡತೊಡಗಿದವು.

ಗುರುಸಿದ್ದ ಬೇಲಿಯ ಬದಿಗೆ ಗುಂಡಿ ತೋಡಿದ. ಮಣ್ಣು ಮುಚ್ಚುವಾಗ ನೀಲಮ್ಮ ಕೇಳಿದಳು: “ನಾ ಅವಸರ ಮಾಡಿ ಏರಿಸಿದ್ದಕ್ಕನ ಹಿಂಗಾತೇನ್ರಿ?”

“ಮನಿ ಏರಿಸದಿದ್ರೂ ಅವು ಬರತಿದ್ವು. ಬ್ಯಾರೆ ಎಲ್ಲ್ಯೋ ಸಾಯತಿದ್ವು.”

“ಅಜ್ಜಾರ ಕಣ್ಣ ಮುಂದ ಸಾಯತಿರಲಿಲ್ಲ.”

ಗುರುಸಿದ್ದ ಸಲಿಕೆ ತೊಳೆಯಲು ಹೋದ.

ನಾಲ್ಕೈದು ದಿನ ಅವಳು ಪಕ್ಕದ ಮನೆಗೆ ಕಾಲಿಡಲಿಲ್ಲ. ಏನೆಂದು ಹೇಳುವುದು? ಹೇಳಿದರೂ ಅವನು ಬೈಯಲಾರ, ಸಮಾಧಾನವನ್ನೂ ಹೇಳಲಾರ. ಇಳಿಸಿದ ಮನೆ ಕಂಬದ ಬುಡದಲ್ಲೇ ಇತ್ತು. ಕೊನೆಗೆ ಗುರುಸಿದ್ದ ಒಬ್ಬನೇ ಹೋಗಿ ಅದನ್ನು ತೊಳೆದು ಏರಿಸಿ ಬಂದ.

ಏಪ್ರಿಲ್ ಕೊನೆಗೆ ಕ್ಯಾರಲ್ ಫೋನ್ ಮಾಡಿದಳು.

“ದಾರಿಯಲ್ಲಿ ಹಿಂದೆ ಉಳಿದಿದ್ದ ಹಕ್ಕಿಗಳು ಬಂದಿವೆ. ಅಪ್ಪ ನಿಮ್ಮ ಮನೆಯ ಕಡೆಗೇ ನೋಡುತ್ತ ಕೂತಿದ್ದಾರೆ. ಬರುತ್ತೀಯಾ?” ಮತ್ತೆ ಸೇರಿಸಿದಳು: “ಮುಂದಿನ ವಾರ ಅವರನ್ನು ಟೊಲೀಡೊದ ನರ್ಸಿಂಗ್ ಹೋಮಿಗೆ ಸೇರಿಸುತ್ತಿದ್ದೇನೆ, ನೀಲಾ. ನನ್ನಿಂದ ಇನ್ನು ಆಗುತ್ತಿಲ್ಲ.”

ನೀಲಮ್ಮ ಬರುತ್ತೇನೆ ಎಂದಳು. ಆದರೂ ಹೊರಡಲು ಸಂಜೆಯಾಯಿತು. ಹೋದಾಗ ಅಜ್ಜ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಕಿಟಕಿ ಸ್ವಲ್ಪ ತೆರೆದಿತ್ತು. ಹೊರಗೆ ಹೊಸ ಹಕ್ಕಿಗಳು ಗುಳುಗುಳಿಸುತ್ತ ಕೋಣೆ ಹಂಚಿಕೊಳ್ಳುತ್ತಿದ್ದವು. ಎಬ್ಬಿಸಲೇ ಎಂದು ಕ್ಯಾರಲ್ ಸನ್ನೆ ಮಾಡಿದಳು. ಬೇಡ ಎಂದು ನೀಲಮ್ಮ ತಲೆಯಾಡಿಸಿ, ಒಂದು ಸ್ಟೂಲು ಎಳೆದುಕೊಂಡು ಅವನ ಎಡಗಡೆಗೆ ಕೂತಳು.