ಮದ್ದು ಒಂದೇ, ಮೈ ಬೇರೆ

ದೊಡ್ಡಪ್ಪ ಮಗನನ್ನು ಕರೆದುಕೊಂಡು ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಮಕ್ಕಳಿಬ್ಬರನ್ನೂ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸುತ್ತಿದ್ದ. ಅವನ ಮಗನಿಗೂ ತಮ್ಮನ ಮಗಳು ಗುಬ್ಬಿಗೂ ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆ. ಇಬ್ಬರಿಗೂ ಅದೇ ಇಂಜೆಕ್ಷನ್. ಹುಡುಗ ಸರಸರ ಬೆಳೆದ. ಗುಬ್ಬಿ ಅವನ ಭುಜದ ಕೆಳಗೇ ಉಳಿದಳು.

"ಏನೇ, ಸೂಜಿ ನಿಂಗೆ ಚುಚ್ತಾರೋ, ದಿಂಬಿಗೋ?" ಎಂದು ದೊಡ್ಡಪ್ಪ ನಕ್ಕ.

ಬಸ್ ಡ್ರೈವರ್ ಆಗಿದ್ದ ಅಪ್ಪನೂ ಹಲ್ಲು ಕಿರಿದ. "ಸರಿಯಾಗಿ ತಿನ್ನಲ್ಲ, ಹೊತ್ತಿಗೆ ಮಲಗಲ್ಲ. ಇನ್ನೆಲ್ಲಿ ಬೆಳೀತಾಳೆ?"

ಗುಬ್ಬಿ ಮೆಲ್ಲಗೆ ಹಿಮ್ಮಡಿ ಎತ್ತಿದ್ದನ್ನು ಅಮ್ಮ ಬಾಗಿಲಿನಿಂದ ಕಂಡಳು. ಗಂಡಸರ ನಗುವಿಗೆ ಹೇಸಿ ಅವಳು ಗುಬ್ಬಿಯನ್ನು ಒಳಗೆ ಕರೆದುಕೊಂಡಳು.

ಕೆಲವು ವಾರಗಳಲ್ಲಿ ಗುಬ್ಬಿಗೆ ತಲೆನೋವು ಶುರುವಾಯಿತು. ಪಾದ ಊದಿ ಶೂ ಹಿಡಿಸದಾಯಿತು. ಅಮ್ಮ ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬರುವುದು ತಡವಾದ್ದರಿಂದ ಇಂಜೆಕ್ಷನ್ ಕೊಡುತ್ತಿದ್ದವನು ಅಪ್ಪ. ಒಂದು ದಿನ ಬೇಗ ಬಂದ ಅವಳಿಗೆ, ಅವನು ಇಂಜೆಕ್ಷನ್ ಪೆನ್ನಿನ ಗುಂಡಿಯನ್ನು ಅಳತೆ ಮೀರಿ ತಿರುಗಿಸುತ್ತಿದ್ದುದು ಕಣ್ಣಿಗೆ ಬಿತ್ತು.

"ಇಷ್ಟು ಹಾಕು ಅಂತ ಡಾಕ್ಟರ್ ಹೇಳಿದ್ರಾ?"

"ಅಣ್ಣ ಹೇಳ್ದ. ಜಾಸ್ತಿ ಹಾಕಿದ್ರೆ ಜಾಸ್ತಿ ಬೆಳೀತಾಳೆ. ನಾಲ್ಕು ಜನರ ಮುಂದೆ ತಲೆ ತಗ್ಗಿಸೋನು ನಾನಲ್ವಾ?"

ಅವಳು ಪೆನ್ನು ಕಿತ್ತುಕೊಂಡಳು. ಆ ಕೈಯನ್ನು ಮುಟ್ಟಿದ್ದಕ್ಕೇ ಮೈ ಹೇಸಿತು.

ಮರುದಿನ ಪರೀಕ್ಷೆ ಮಾಡಿದ ಡಾಕ್ಟರಮ್ಮ ಸದ್ಯಕ್ಕೆ ಇಂಜೆಕ್ಷನ್ ನಿಲ್ಲಿಸಿದರು. "ಹೀಗೇ ಹಾಕ್ತಾ ಹೋಗಿದ್ರೆ ತಲೆಯೊಳಗೆ ಒತ್ತಡ ಏರಿ ಕಣ್ಣಿಗೇ ಕುತ್ತು ಬರ್ತಿತ್ತು."

"ಅಣ್ಣನ ಮಗನಿಗೆ ಹಿಡಿದ ಮದ್ದು ಇವಳಿಗ್ಯಾಕೆ ಹಿಡಿಯಲ್ಲ ಡಾಕ್ಟ್ರೇ? ನಾಳೆ ಇವಳನ್ನ ಕುಳ್ಳಿ ಅಂತ ಆಡ್ಕೊಳ್ಳಲ್ವಾ?" ಎಂದ ಅಪ್ಪ.

"ಮದ್ದು ಒಂದೇ, ಮೈ ಬೇರೆ. ಹುಟ್ಟುವಾಗಲೇ ಬಂದ ಜೀನ್‌ಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವು ಮಕ್ಕಳ ಮೈ ಈ ಹಾರ್ಮೋನಿನ ಮಾತು ಬೇಗ ಕೇಳತ್ತೆ, ಕೆಲವರದ್ದು ನಿಧಾನ. ಇವಳೂ ಬೆಳೀತಿದ್ದಾಳೆ. ನಿಧಾನಕ್ಕೆ, ಅಷ್ಟೇ. ಇದರಲ್ಲಿ ಮಗುವಿನ ತಪ್ಪೇನಿಲ್ಲ."

"ಹಾಗಾದ್ರೆ ಇದು ತಾಯಿ ಕಡೆಯಿಂದ..."

"ಇಬ್ಬರ ಕಡೆಯಿಂದಲೂ ಬರತ್ತೆ."

ಅಮ್ಮ ಗಂಡನ ಕಡೆ ತಿರುಗಿದಳು. "ಇಲ್ಲೂ ತಪ್ಪು ಹೊರಿಸೋಕೆ ಒಬ್ಬರು ಬೇಕಾ ನಿಮಗೆ? ಅಸಹ್ಯ ಆಗತ್ತೆ."

"ಅಪ್ಪನ್ನ ಬೈಬೇಡಮ್ಮ," ಎಂದಳು ಗುಬ್ಬಿ. "ಜಾಸ್ತಿ ಹಾಕಲಾ ಅಂತ ಕೇಳಿದ್ರು. ನಾನೇ ಹೂಂ ಅಂದೆ. ದೊಡ್ಡಪ್ಪ ನಗೋವಾಗ ಅಪ್ಪನೂ ನಗ್ತಾರಲ್ಲ, ಅದಕ್ಕೆ."

ಆ ನಗು ತನ್ನ ಬಾಯಲ್ಲೇ ಹಳಸಿದಂತೆ ಅಪ್ಪ ಉಗುಳು ನುಂಗಿದ.

ಹೊರಗೆ ಔಷಧಿ ಕೊಡುವವನು ಕಿಟಕಿಯಿಂದ ಇಣುಕಿ, "ಏನ್ ಪುಟ್ಟಿ, ಮೂರನೇ ಕ್ಲಾಸಾ?" ಎಂದು ನಗೆಯಾಡಿದ. ಇಂಥ ಹೊತ್ತಿನಲ್ಲಿ ಅಪ್ಪ ಜೊತೆಗೆ ನಗುತ್ತಿದ್ದವನು, ಇಲ್ಲವೇ ಸಬೂಬು ಹೇಳುತ್ತಿದ್ದವನು.

"ಆರನೇ ಕ್ಲಾಸು," ಎಂದ ಈ ಸಲ. "ಮಗು ಕೂತಿದೆ, ನಗಬೇಡಿ."

ಅವನು ತಾಯಿ ಮಗಳು ಕೂತಿದ್ದ ಬೆಂಚಿನ ಹತ್ತಿರ ಬಂದು ನಿಂತ. ಅಮ್ಮನ ಹೇಸಿಗೆ ಇನ್ನೂ ಇಳಿದಿರಲಿಲ್ಲ. ಅವಳು ಅವನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಚೀಲವನ್ನು ಮಾತ್ರ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.